ಒಡೆದರೂ ಶಕ್ತಿ, ಸೇರಿಸಿದರೂ ಶಕ್ತಿ: ಎರಡೂ ಹೇಗೆ ನಿಜ?

ಟ್ಯೂಷನ್_ತುಮಕೂರು
ಪಿಯುಸಿ ಮಕ್ಕಳಿಗೆ ಸಂಜೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಈಗ ನ್ಯೂಕ್ಲಿಯಸ್ ಪಾಠ ನಡೀತಿದೆ. ವಿದಳನ, ಅಂದರೆ ಫಿಷನ್: ದೊಡ್ಡ ನ್ಯೂಕ್ಲಿಯಸ್ ಒಡೆಯುತ್ತೆ, ಶಕ್ತಿ ಬರುತ್ತೆ. ಸಮ್ಮಿಲನ, ಅಂದರೆ ಫ್ಯೂಷನ್: ಚಿಕ್ಕ ನ್ಯೂಕ್ಲಿಯಸ್‌ಗಳು ಕೂಡುತ್ತವೆ, ಅಲ್ಲೂ ಶಕ್ತಿ ಬರುತ್ತೆ. ಇಷ್ಟು ಬರೆಸಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: "ಸಾರ್, ಹೈಡ್ರೋಜನ್ ಸೇರಿಸಿ ಹೀಲಿಯಂ ಮಾಡೋಣ, ಶಕ್ತಿ ತಗೊಳ್ಳೋಣ. ಆ ಹೀಲಿಯಂ ಒಡೆದು ಮತ್ತೆ ಶಕ್ತಿ ತಗೊಳ್ಳೋಣ. ಹೀಗೇ ತಿರುಗಿಸ್ತಾ ಇದ್ರೆ ಬೆಸ್ಕಾಂ ಬಿಲ್ಲೇ ಬರಲ್ಲ ಅಲ್ವಾ?"

ಇಡೀ ಕ್ಲಾಸು ನಕ್ಕಿತು. ನಾನು ಬೈಂಡಿಂಗ್ ಎನರ್ಜಿ ಗ್ರಾಫ್ ಬರೆದು ತೋರಿಸಿದೆ. ತಲೆ ಆಡಿಸಿದ, ಆದರೆ ಅವನಿಗೆ ಹೊಳೆದ ಹಾಗೆ ಕಾಣಲಿಲ್ಲ. ಗ್ರಾಫ್ ಇಲ್ಲದೆ, ಬಾಯಿಮಾತಲ್ಲಿ ಇದನ್ನ ಹೇಗೆ ಹೇಳ್ತೀರಿ?

ಹಾಸನದ_ಹೈದ
ಮೊದಲು ಆ ಹುಡುಗನ ಹೆಸರಲ್ಲಿ ಪೇಟೆಂಟ್ ಮಾಡಿಸಿ ಸಾರ್. ವಿವರಣೆ ಆಮೇಲೆ.

ಸಂಶಯ_ಪಿಶಾಚಿ
ಉತ್ತರ ಒಂದೇ ಸಾಲು. ಶಕ್ತಿ ಸಂರಕ್ಷಣೆ ನಿಯಮ. ಹೊರಟ ಜಾಗಕ್ಕೇ ಸುತ್ತಿ ಬಂದರೆ ಲಾಭ ಸೊನ್ನೆ. ಮುಗೀತು.

ಮೈಸೂರು_ಮೇಡಂ
ಅದು ಬಾಯಿ ಮುಚ್ಚಿಸುವ ಉತ್ತರ. ನಿಯಮ ಹುಡುಗನಿಗೂ ಗೊತ್ತಿರುತ್ತೆ. ಲೆಕ್ಕ ಎಲ್ಲಿ ತಪ್ಪುತ್ತಿದೆ ಅನ್ನೋದು ಅವನ ಪ್ರಶ್ನೆ. ಅದನ್ನ ಹೇಳಿ ನೋಡೋಣ.

ಕಬ್ಬಿಣದ_ಕಡಲೆ
ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಪಾಠದಲ್ಲಿ ಬರೆಸಿದ ವಾಕ್ಯವೇ ಅರ್ಧ. "ಒಡೆದರೆ ಶಕ್ತಿ" ಅಂತ ಬರೆಸಿದರೆ ಹುಡುಗ ಯಾವುದನ್ನ ಒಡೆದರೂ ಬರುತ್ತೆ ಅಂದುಕೊಳ್ಳುತ್ತಾನೆ. ಯಾವುದನ್ನ ಒಡೀತೀರಿ, ಯಾವುದನ್ನ ಸೇರಿಸ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಕೆರೆ ನೆನೆಸಿಕೊಳ್ಳಿ. ಎರಡೂ ಕಡೆ ದಿಬ್ಬ. ಎಡಗಡೆ ದಿಬ್ಬದ ತುದಿಯಲ್ಲಿ ಹೈಡ್ರೋಜನ್, ಬಲಗಡೆ ದಿಬ್ಬದ ಮೇಲೆ ಯುರೇನಿಯಂ, ಕೆರೆಯ ತಳದಲ್ಲಿ ಕಬ್ಬಿಣ ಮತ್ತು ನಿಕ್ಕಲ್. ಯಾವ ಕಡೆಯಿಂದ ಕೆರೆಗೆ ಇಳಿದರೂ ಶಕ್ತಿ ಬರುತ್ತೆ. ಎಡಗಡೆಯಿಂದ ಇಳಿಯುವ ದಾರಿ ಸೇರಿಸುವುದು, ಬಲಗಡೆಯಿಂದ ಇಳಿಯುವ ದಾರಿ ಒಡೆಯುವುದು. ಹೀಲಿಯಂ ಒಡೆಯೋಣ ಅಂದರೆ ಇಳಿದ ನೀರನ್ನ ವಾಪಸ್ ಎಡದ ದಿಬ್ಬ ಹತ್ತಿಸೋಣ ಅಂದ ಹಾಗೆ. ಬಂದದ್ದೆಲ್ಲ ಪಂಪಿಗೇ ಹೋಗುತ್ತೆ.

ಈಗ ಅಂಕಿ. ನ್ಯೂಕ್ಲಿಯಸ್ ಒಳಗಿನ ಒಂದೊಂದು ಕಣವನ್ನ (ಪ್ರೋಟಾನ್ ಅಥವಾ ನ್ಯೂಟ್ರಾನ್) ಕಿತ್ತು ತೆಗೆಯಲು ಸರಾಸರಿ ಎಷ್ಟು ಶಕ್ತಿ ಬೇಕು ಅಂತ ಅಳೆದಿದ್ದಾರೆ. ಡ್ಯುಟೀರಿಯಂನಲ್ಲಿ (ಒಂದು ನ್ಯೂಟ್ರಾನ್ ಇರುವ ಹೈಡ್ರೋಜನ್) ಕಣಕ್ಕೆ 1.1 ಎಂಇವಿ (ನ್ಯೂಕ್ಲಿಯಸ್ ಲೆಕ್ಕಕ್ಕೆ ಬಳಸುವ ಶಕ್ತಿಯ ಅಳತೆ), ಟ್ರಿಟಿಯಂನಲ್ಲಿ (ಎರಡು ನ್ಯೂಟ್ರಾನ್ ಇರುವ ಹೈಡ್ರೋಜನ್) 2.8, ಹೀಲಿಯಂ-4ರಲ್ಲಿ 7.1, ಕಬ್ಬಿಣದ ಹತ್ತಿರ 8.8. ಅಲ್ಲಿಂದ ಮುಂದೆ ನಿಧಾನಕ್ಕೆ ಇಳಿದು ಯುರೇನಿಯಂನಲ್ಲಿ 7.6. ಅಂಕಿ ಜಾಸ್ತಿ ಅಂದರೆ ಬಿಗಿ ಜಾಸ್ತಿ. ಸಡಿಲವಾಗಿದ್ದದ್ದು ಬಿಗಿಯಾದಾಗ ಮಧ್ಯದ ವ್ಯತ್ಯಾಸ ಶಕ್ತಿಯಾಗಿ ಹೊರಗೆ ಬರುತ್ತೆ. ಎಡಗಡೆ ಇಳಿಜಾರು ಎಷ್ಟು ಕಡಿದು, ಬಲಗಡೆ ಎಷ್ಟು ಸಪಾಟು ನೋಡಿ. ಫ್ಯೂಷನ್ ಅಂದರೆ ಜನ ಬಾಯಿಬಿಡುವುದಕ್ಕೆ ಅದೇ ಕಾರಣ.

ಟ್ಯೂಷನ್_ತುಮಕೂರು
ಇದು ನಾಳೆ ಹೇಳ್ತೀನಿ. ಆದರೆ ಅವನು ಇಲ್ಲಿಗೇ ನಿಲ್ಲಲ್ಲ. "ಕೆರೆ ಯಾಕೆ ಕಬ್ಬಿಣದ ಹತ್ತಿರವೇ ಇದೆ" ಅಂತಾನೆ.

ಕಬ್ಬಿಣದ_ಕಡಲೆ
ಒಳಗೆ ಎರಡು ಬಲಗಳ ಜಗಳ ಇದೆ. ಒಂದು ಹಿಡಿದಿಡುವ ಬಲ. ತುಂಬಾ ಗಟ್ಟಿ, ಆದರೆ ಪಕ್ಕದ ಕಣಕ್ಕೆ ಮಾತ್ರ ಸಿಗುತ್ತೆ. ಇನ್ನೊಂದು ಪ್ರೋಟಾನ್‌ಗಳು ಒಂದನ್ನೊಂದು ದೂಡುವ ವಿದ್ಯುತ್ ಬಲ. ಅದು ಬಲಹೀನ, ಆದರೆ ಇಡೀ ನ್ಯೂಕ್ಲಿಯಸ್ಸಿನ ಆ ತುದಿಯಿಂದ ಈ ತುದಿಗೆ ಮುಟ್ಟುತ್ತೆ. ಚಿಕ್ಕ ನ್ಯೂಕ್ಲಿಯಸ್‌ನಲ್ಲಿ ಹೆಚ್ಚಿನ ಕಣಗಳು ಅಂಚಿನಲ್ಲೇ ಇರುತ್ತವೆ, ಪಕ್ಕದವರು ಕಡಿಮೆ. ಇನ್ನಷ್ಟು ಸೇರಿಸಿದರೆ ಬಿಗಿ ಆಗುತ್ತೆ. ಯುರೇನಿಯಂನಲ್ಲಿ 92 ಪ್ರೋಟಾನ್ ಇವೆ, ಎಲ್ಲವೂ ಎಲ್ಲವನ್ನೂ ದೂಡುತ್ತಿವೆ. ಒಡೆದರೆ ನೆಮ್ಮದಿ. ಎರಡೂ ಸರಿತೂಗುವ ಜಾಗ ಕಬ್ಬಿಣ, ನಿಕ್ಕಲ್ ಆಸುಪಾಸು.

ಹುಬ್ಳಿ_ಮಂದಿ
ಅಲ್ರೀ, ಒಂದು ಯುರೇನಿಯಂ ಒಡೆದರೆ 200 ಎಂಇವಿ. ಡ್ಯುಟೀರಿಯಂ, ಟ್ರಿಟಿಯಂ ಕೂಡಿದರೆ 17.6 ಅಷ್ಟೇ. ಫಿಷನ್ನೇ ಹನ್ನೊಂದು ಪಟ್ಟು ಜೋರಿದೆ. ಫ್ಯೂಷನ್ ಹೆಚ್ಚು ಅಂತ ಎಲ್ಲರೂ ಯಾಕೆ ಹೇಳ್ತೀರಿ?

ಕಬ್ಬಿಣದ_ಕಡಲೆ
ಒಂದೊಂದು ಘಟನೆಗೆ ನೋಡಿದರೆ ನಿಮ್ಮ ಮಾತು ಸರಿ. ಆದರೆ ನೀವು ಇಂಧನ ಕೊಳ್ಳೋದು ತೂಕದಲ್ಲಿ. ಅಲ್ಲಿ 235 ಕಣ ಸೇರಿ 200 ಕೊಡ್ತವೆ, ಇಲ್ಲಿ ಬರೀ 5 ಕಣ ಸೇರಿ 17.6. ಭಾಗಿಸಿ ನೋಡಿ: ಕಣಕ್ಕೆ 0.85, ಇಲ್ಲಿ 3.5. ಸುಮಾರು ನಾಲ್ಕು ಪಟ್ಟು.

ಕಿಲೋ ಲೆಕ್ಕದಲ್ಲಿ: 1 ಕಿಲೋ ಯುರೇನಿಯಂ-235 ಪೂರ್ತಿ ಒಡೆದರೆ ಸುಮಾರು 2.2 ಕೋಟಿ ಯೂನಿಟ್ ಶಾಖ. 1 ಕಿಲೋ ಡ್ಯುಟೀರಿಯಂ-ಟ್ರಿಟಿಯಂ ಪೂರ್ತಿ ಕೂಡಿದರೆ 9 ಕೋಟಿಗೂ ಮೇಲೆ. ಒಳ್ಳೆ ಕಲ್ಲಿದ್ದಲು 1 ಕಿಲೋ ಸುಟ್ಟರೆ 6-7 ಯೂನಿಟ್. ಕೋಟಿ ಇಲ್ಲ, ಬರೀ ಆರೇಳು. ಇದೆಲ್ಲ ಶಾಖ, ಕರೆಂಟ್ ಆಗುವಾಗ ಮೂರರಲ್ಲಿ ಒಂದು ಪಾಲು ಉಳಿಯುತ್ತೆ.

ಹುಬ್ಳಿ_ಮಂದಿ
ಹಂಗಂದ್ರ ಕಲ್ಲಿದ್ದಲಿನ ಮುಂದೆ ಇಬ್ಬರೂ ಸಾಹುಕಾರರೇ. ನಾಲ್ಕು ಪಟ್ಟಿಗೆ ಇಷ್ಟೊಂದು ಗದ್ದಲ ಯಾಕ್ರೀ? ಒಡೆಯೋದು ಸಲೀಸು ಇದ್ದರೆ ಒಡೆದುಕೊಂಡೇ ಇರೋಣ.

ಕಾಳಿ_ತೀರ
ಹುಬ್ಬಳ್ಳಿಯವರು ಸರಿಯಾಗಿ ಕೇಳಿದ್ದಾರೆ. ನಾನು ಕೈಗಾ ಅಣುಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡಿದವನು, ವಿಜ್ಞಾನಿ ಅಲ್ಲ. ಆದರೆ ಒಡೆಯುವುದು ಎಷ್ಟು ಸಲೀಸು ಅಂತ ಅಲ್ಲೇ ಇದ್ದವರಿಗೆ ಗೊತ್ತು. ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ. ಯಾವ ನ್ಯೂಕ್ಲಿಯಸ್ಸೂ ಅದನ್ನ ತಡೆಯಲ್ಲ, ಸೀದಾ ಒಳಗೆ ಹೋಗುತ್ತೆ. ಹೋಗಿ ಒಡೆದರೆ ಇನ್ನೆರಡು ಮೂರು ನ್ಯೂಟ್ರಾನ್ ಹೊರಗೆ ಬರುತ್ತವೆ, ಅವು ಮುಂದಿನ ನ್ಯೂಕ್ಲಿಯಸ್ ಒಡೆಯುತ್ತವೆ, ಸರಪಳಿಯ ಹಾಗೆ. ಬಿಸಿ ಮಾಡುವುದೂ ಬೇಡ, ಒತ್ತುವುದೂ ಬೇಡ.

ಕೈಗಾದಲ್ಲಿ ಹಾಕುವುದು ಗಣಿಯಿಂದ ಬಂದ ಹಾಗೇ ಇರುವ ಯುರೇನಿಯಂ. ಅದರಲ್ಲಿ ಒಡೆಯುವ 235 ಇರುವುದು ನೂರಕ್ಕೆ 0.7 ಮಾತ್ರ. ನ್ಯೂಟ್ರಾನಿನ ವೇಗ ತಗ್ಗಿಸಲು ಸುತ್ತ ಭಾರಜಲ (ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು) ಇರುತ್ತೆ. ಅಷ್ಟು ಸಾಕು, ರಿಯಾಕ್ಟರ್ ನಡೆಯುತ್ತೆ. ಮನುಷ್ಯ ಮಾಡಿದ ಮೊದಲ ರಿಯಾಕ್ಟರ್ 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಓಡಿತು, ಆಟದ ಮೈದಾನದ ಕಟ್ಟೆ ಕೆಳಗೆ. ಗ್ರಾಫೈಟ್ ಇಟ್ಟಿಗೆ, ಯುರೇನಿಯಂ ಜೋಡಿಸಿದ ಒಂದು ರಾಶಿ. ಫಿಷನ್ ಗೊತ್ತಾಗಿ ಆಗ ನಾಲ್ಕು ವರ್ಷ ಆಗಿತ್ತು ಅಷ್ಟೇ.

ಮೈಸೂರು_ಮೇಡಂ
ಮನುಷ್ಯ ಮಾಡಿದ ಮೊದಲ ರಿಯಾಕ್ಟರ್ ಅಂತ ಹುಷಾರಾಗಿ ಬರೆದಿದ್ದೀರಿ, ಖುಷಿ ಆಯಿತು. ಆಫ್ರಿಕಾದ ಗಬಾನ್ ದೇಶದ ಓಕ್ಲೋ ಗಣಿಯಲ್ಲಿ ಸುಮಾರು 200 ಕೋಟಿ ವರ್ಷ ಹಿಂದೆ ಫಿಷನ್ ತಾನಾಗೇ ನಡೆದಿದೆ. ಆಗ ಯುರೇನಿಯಂನಲ್ಲಿ 235ರ ಪಾಲು ಜಾಸ್ತಿ ಇತ್ತು, ಅಂತರ್ಜಲ ನ್ಯೂಟ್ರಾನಿನ ವೇಗ ತಗ್ಗಿಸಿತು. 1972ರಲ್ಲಿ ಫ್ರಾನ್ಸಿನವರು ಅದಿರು ಅಳೆಯುವಾಗ 235 ಸ್ವಲ್ಪ ಕಡಿಮೆ ಬಂತು, ಆಗ ಗೊತ್ತಾಯಿತು. ಕದ್ದವರು ಯಾರೂ ಇಲ್ಲ, ಉರಿದುಹೋಗಿತ್ತು!

ಹಾಸನದ_ಹೈದ
200 ಕೋಟಿ ವರ್ಷ ಹಿಂದೆ ಕಲ್ಲುಬಂಡೆ ಮಾಡಿದ ಕೆಲಸಕ್ಕೆ ನಾವು ನೊಬೆಲ್ ಕೊಟ್ಟಿದ್ದೇವೆ.

ಕರಾವಳಿ_ಕಾಕ
ಕೈಗಾ ಅಂದ ಕೂಡಲೇ ಎದೆ ಉಬ್ಬಿಸಬಹುದು ಮಾರಾಯ್ರೇ. ಮೊದಲನೇ ಘಟಕ ನಿಲ್ಲದೇ 962 ದಿನ ಓಡಿದೆ, ವಿಶ್ವದಾಖಲೆ ನಮ್ಮದು.

ಸಂಶಯ_ಪಿಶಾಚಿ
"ನಮ್ಮದಾಗಿತ್ತು" ಅನ್ನಿ. 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಓಡಿದ್ದು ನಿಜ. ಕೆನಡಾದ ಡಾರ್ಲಿಂಗ್ಟನ್ ಘಟಕ 2020ರಲ್ಲಿ ಅದನ್ನ ದಾಟಿತು. 2021ರಲ್ಲಿ ನಿಲ್ಲಿಸುವಾಗ 1106 ದಿನ ಆಗಿತ್ತು.

ಕರಾವಳಿ_ಕಾಕ
ದಾಟಿದರೆ ದಾಟಲಿ. ಅದೂ ಭಾರಜಲದ ರಿಯಾಕ್ಟರ್ರೇ, ನಮ್ಮ ಜಾತಿಯದೇ.

ಕಾಳಿ_ತೀರ
ಆ ಜಾತಿಗೆ ಒಂದು ಅನುಕೂಲ ಇದೆ. ಓಡುತ್ತಿರುವಾಗಲೇ ಯಂತ್ರದಿಂದ ಹಳೇ ಇಂಧನ ತೆಗೆದು ಹೊಸದು ಹಾಕಬಹುದು. ಬೇರೆ ಹಲವು ರಿಯಾಕ್ಟರ್‌ಗಳನ್ನ ಒಂದೂವರೆ ಎರಡು ವರ್ಷಕ್ಕೊಮ್ಮೆ ಇಂಧನಕ್ಕಾಗಿಯೇ ನಿಲ್ಲಿಸಬೇಕು. ಹಾಗಾಗಿ ಇಂಥ ದಾಖಲೆ ಹೆಚ್ಚಾಗಿ ಇಂಥವಕ್ಕೇ ಸಿಗುತ್ತೆ.

ಮಲ್ನಾಡ್_ಅಡಿಕೆ
ದಾಖಲೆ ಹೇಳುವಾಗ ಪೂರ್ತಿ ಹೇಳಿ. 1994ರ ಮೇ 13ರಂದು ಕಟ್ಟುತ್ತಿದ್ದಾಗಲೇ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿ ಐವತ್ತಕ್ಕೂ ಹೆಚ್ಚು ನೌಕರರ ಮೈಗೆ ಸೇರಿತು. ಶಿವರಾಮ ಕಾರಂತರು ಸುಮ್ನೆ ವಿರೋಧ ಮಾಡಿದ್ದಲ್ಲ.

ಕಾಳಿ_ತೀರ
ಎರಡೂ ನಡೆದದ್ದೇ. ಗುಮ್ಮಟ ಬಿದ್ದಾಗ ಒಳಗೆ ಇಂಧನ ಇರಲಿಲ್ಲ, ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಕೂಲರ್ ಪ್ರಕರಣ ಒಳಗಿನ ಯಾರೋ ಮಾಡಿದ ಕಿಡಿಗೇಡಿತನ ಅಂತಲೇ ಅಧಿಕಾರಿಗಳು ಆಗ ಹೇಳಿದ್ದು. ಭಯ ಇರಲಿ, ತಪ್ಪಲ್ಲ. ಆದರೆ "ಕೈಗಾ ಬಾಂಬಿನ ಹಾಗೆ ಸಿಡಿಯುತ್ತೆ" ಅಂತ ನಮ್ಮೂರಲ್ಲಿ ಈಗಲೂ ಹೇಳುವವರಿದ್ದಾರೆ. ಬಾಂಬಿಗೆ ನೂರಕ್ಕೆ 90ರ ಆಸುಪಾಸು 235 ಬೇಕು. 0.7 ಇಟ್ಟುಕೊಂಡು ಯಾರೂ ಬಾಂಬ್ ಮಾಡಕ್ಕಾಗಲ್ಲ.

ಮಲ್ನಾಡ್_ಅಡಿಕೆ
ಫುಕುಶಿಮಾದಲ್ಲೂ ಬಾಂಬಿನ ಹಾಗೆ ಸಿಡಿಯಲಿಲ್ಲ. ಆದರೂ ಊರಿಗೆ ಊರೇ ಬಿಟ್ಟು ಹೋಗಬೇಕಾಯಿತು ಅಲ್ವಾ?

ಕಬ್ಬಿಣದ_ಕಡಲೆ
ಇದು ನ್ಯಾಯವಾದ ಮಾತು. ಫಿಷನ್ ಮತ್ತು ಫ್ಯೂಷನ್ ನಡುವಿನ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಪರೀಕ್ಷೆಗೆ ಬರೆಸುವ ಕೋಷ್ಟಕದಲ್ಲಿ ಇದು ಇರೋದೇ ಇಲ್ಲ.

2011ರ ಮಾರ್ಚ್ 11ರಂದು ಭೂಕಂಪ ಆದಾಗ ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರ್‌ಗಳು ತಾವಾಗೇ ನಿಂತವು. ಸರಪಳಿ ಕ್ರಿಯೆ ಬಂದ್. ಆದರೆ ಯುರೇನಿಯಂ ಒಡೆದ ಚೂರುಗಳು, ಸೀಸಿಯಂ, ಅಯೋಡಿನ್, ಸ್ಟ್ರಾನ್ಷಿಯಂ ಇತ್ಯಾದಿ, ತಾವೇ ಕ್ಷಯಿಸುತ್ತಾ ಶಾಖ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣ ಅದು ಪೂರ್ಣ ಶಕ್ತಿಯ ನೂರಕ್ಕೆ 6-7ರಷ್ಟು. ದೊಡ್ಡ ರಿಯಾಕ್ಟರ್‌ನಲ್ಲಿ ಅದೇ ಸುಮಾರು 200 ಮೆಗಾವ್ಯಾಟ್ ಶಾಖ ಆಗಬಹುದು. ದಿನಗಟ್ಟಲೆ ನೀರು ಹರಿಸಿ ತಣಿಸಲೇಬೇಕು. ಸುನಾಮಿ ಬಂದು ಡೀಸೆಲ್ ಜನರೇಟರ್ ಮುಳುಗಿಸಿತು, ಪಂಪ್ ನಿಂತಿತು, ಒಳಗೆ ಕರಗಿತು. ಸ್ವಿಚ್ ಆಫ್ ಮಾಡಿದರೂ ಆಫ್ ಆಗದ ಒಲೆ.

ಫ್ಯೂಷನ್‌ನಲ್ಲಿ ಸರಪಳಿಯೇ ಇಲ್ಲ. ಒಳಗೆ ಯಾವ ಕ್ಷಣದಲ್ಲೂ ಇರುವ ಇಂಧನ ಕೆಲವು ಗ್ರಾಂ. ಏನಾದರೂ ಎಡವಟ್ಟಾದರೆ ಪ್ಲಾಸ್ಮಾ (ವಿಪರೀತ ಬಿಸಿಗೆ ಎಲೆಕ್ಟ್ರಾನ್ ಕಳಚಿಕೊಂಡ ಅನಿಲ) ತಣ್ಣಗಾಗಿ ಕ್ರಿಯೆ ಸತ್ತುಹೋಗುತ್ತೆ. ಬೂದಿ ಅಂದರೆ ಹೀಲಿಯಂ, ಅದು ನಿರುಪದ್ರವಿ.

ಸಂಶಯ_ಪಿಶಾಚಿ
ಬೂದಿ ನಿರುಪದ್ರವಿ ಸರಿ. ಡ್ಯುಟೀರಿಯಂ-ಟ್ರಿಟಿಯಂ ಕ್ರಿಯೆಯ 17.6ರಲ್ಲಿ 14.1 ಎಂಇವಿ ಹೊತ್ತು ಹೋಗುವುದು ನ್ಯೂಟ್ರಾನ್. ಅದು ಗೋಡೆಗೆ ಬಡಿದು ಉಕ್ಕನ್ನೇ ವಿಕಿರಣಶೀಲ ಮಾಡುತ್ತೆ. "ಸಂಪೂರ್ಣ ಶುದ್ಧ ಶಕ್ತಿ" ಅಂತ ಬರೆಯುವ ಪೇಪರಿನವರು ಇದನ್ನ ಬರೆಯಲ್ಲ.

ಗಾಂಧಿನಗರದ_ಕನ್ನಡಿಗ
ಮೊದಲೇ ಹೇಳಿಬಿಡ್ತೀನಿ, ಮೆಜೆಸ್ಟಿಕ್ ಪಕ್ಕದ ಗಾಂಧಿನಗರ ಅಲ್ಲ, ಗುಜರಾತಿನ ಗಾಂಧಿನಗರ. ಪ್ಲಾಸ್ಮಾ ಕ್ಷೇತ್ರಕ್ಕೆ ಬಿಡಿಭಾಗ ಮಾಡಿಕೊಡುವ ಕೆಲಸದಲ್ಲಿದ್ದೇನೆ.

ಪಿಶಾಚಿಯವರು ಹೇಳಿದ್ದು ನಿಜ. ಗೋಡೆ ವಿಕಿರಣಶೀಲ ಆಗುತ್ತೆ. ಆದರೆ ಸರಿಯಾದ ಉಕ್ಕು ಆರಿಸಿಕೊಂಡರೆ ನೂರು ವರ್ಷದ ಆಸುಪಾಸಿನಲ್ಲಿ ಅದು ತಣ್ಣಗಾಗುವ ಲೆಕ್ಕ. ಫಿಷನ್ ಕಡೆ ಸೀಸಿಯಂ-137ರ ಅರ್ಧಾಯು 30 ವರ್ಷ, ಪ್ಲುಟೋನಿಯಂ-239ರದು 24,100 ವರ್ಷ. ಎರಡೂ ಕಸವೇ, ಕಾಯಬೇಕಾದ ಕಾಲ ಮಾತ್ರ ಬೇರೆ.

ಕಷ್ಟ ಇರುವುದು ಬೇರೆ ಕಡೆ. ಎರಡು ಹೈಡ್ರೋಜನ್ ನ್ಯೂಕ್ಲಿಯಸ್ ಎರಡೂ ಪಾಸಿಟಿವ್, ಹತ್ತಿರ ಬರಲು ಒಪ್ಪಲ್ಲ. ಕಾಳಿ ತೀರದವರು ಹೇಳಿದ ನ್ಯೂಟ್ರಾನಿನ ಸಲೀಸು ದಾರಿ ಇಲ್ಲಿ ಇಲ್ಲ. ಅವು ಡಿಕ್ಕಿ ಹೊಡೆಯುವಷ್ಟು ಜೋರಾಗಿ ಓಡಬೇಕು, ಅಂದರೆ ಅಷ್ಟು ಬಿಸಿ ಇರಬೇಕು. ಫ್ರಾನ್ಸಿನ ಕಾಡರಾಶ್‌ನಲ್ಲಿ ಹಲವು ದೇಶ ಸೇರಿ ಕಟ್ಟುತ್ತಿರುವ ಈಟರ್ ಅನ್ನುವ ಫ್ಯೂಷನ್ ಯಂತ್ರದಲ್ಲಿ 15 ಕೋಟಿ ಡಿಗ್ರಿ ಸೆಲ್ಸಿಯಸ್ ಬೇಕು. ಸೂರ್ಯನ ಒಡಲಲ್ಲೇ ಇರೋದು ಒಂದೂವರೆ ಕೋಟಿ.

ಟ್ಯೂಷನ್_ತುಮಕೂರು
ಇದು ನನಗೂ ಕಾಡಿದ ಪ್ರಶ್ನೆ. ಸೂರ್ಯನಿಗೆ ಒಂದೂವರೆ ಕೋಟಿ ಸಾಕು, ನಮಗೆ ಹತ್ತು ಪಟ್ಟು ಯಾಕೆ?

ಗಾಂಧಿನಗರದ_ಕನ್ನಡಿಗ
ಸೂರ್ಯ ಸೋಮಾರಿ ಸಾರ್. ಅದರ ಒಡಲಲ್ಲಿ ಒಂದು ಘನ ಮೀಟರ್ ಜಾಗದಿಂದ ಹುಟ್ಟುವ ಶಕ್ತಿ 300 ವ್ಯಾಟ್‌ಗೂ ಕಡಿಮೆ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನಿಮ್ಮ ಮೈ ಇದಕ್ಕಿಂತ ಜಾಸ್ತಿ ಶಾಖ ಕೊಡುತ್ತೆ. ಅಲ್ಲಿ ಒಂದು ಪ್ರೋಟಾನ್ ಇನ್ನೊಂದರ ಜೊತೆ ಕೂಡಲು ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತೆ. ಆದರೂ ಸೂರ್ಯ ಅಷ್ಟು ದೊಡ್ಡದಿರುವುದರಿಂದ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತೆ, ಅದರಲ್ಲಿ 40 ಲಕ್ಷ ಟನ್ನಿನಷ್ಟು ದ್ರವ್ಯರಾಶಿ ಶಕ್ತಿಯಾಗಿ ಹೋಗುತ್ತೆ.

ನಮಗೆ ಅಷ್ಟು ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ, ಆ ಗುರುತ್ವದ ಒತ್ತಡವೂ ಇಲ್ಲ. ಹಾಗಾಗಿ ಬೇಗ ಕೂಡುವ ಡ್ಯುಟೀರಿಯಂ-ಟ್ರಿಟಿಯಂ ಜೋಡಿ ಆರಿಸಿಕೊಂಡು, ಬಿಸಿ ಹತ್ತು ಪಟ್ಟು ಏರಿಸಿ, ಅಯಸ್ಕಾಂತದ ಕ್ಷೇತ್ರದಲ್ಲಿ ಗೋಡೆಗೆ ತಾಗದ ಹಾಗೆ ಹಿಡಿದಿಡಬೇಕು. ಆ ಬಳೆ ಆಕಾರದ ಯಂತ್ರಕ್ಕೆ ಟೊಕಾಮಾಕ್ ಅಂತಾರೆ. ಇಲ್ಲಿನ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದಲೇ 'ಆದಿತ್ಯ' ಇದೆ.

ಕರಾವಳಿ_ಕಾಕ
ಆದಿತ್ಯ ಹಾರಿಸಿದ್ದು 2023ರಲ್ಲಿ ಅಲ್ವಾ? ಇಸ್ರೋದವರು.

ಮೈಸೂರು_ಮೇಡಂ
ಅದು ಆದಿತ್ಯ-ಎಲ್1. ಸೂರ್ಯನನ್ನು ನೋಡಲು ಹೋಗಿರುವ ನೌಕೆ. ಇವರು ಹೇಳುತ್ತಿರುವ ಆದಿತ್ಯ ನೆಲದ ಮೇಲಿನ ಯಂತ್ರ. ನೌಕೆಯ ಮುಖ್ಯ ಉಪಕರಣ ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ಕ್ಯಾಂಪಸ್‌ನಲ್ಲಿ.

ಕರಾವಳಿ_ಕಾಕ
ಹೆಸರಿಗೆ ಬರ ಬಂದಿದೆಯಾ ಇವರಿಗೆ?

ಕೋಲಾರದ_ಚಿನ್ನ
ಸೂರ್ಯನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಸೂರ್ಯನಲ್ಲಿ ಫ್ಯೂಷನ್ ನಡೆಯುತ್ತೆ ಅಂತ ಸಾಬೀತಾಗಿದ್ದೇ ನಮ್ಮ ಕೆಜಿಎಫ್ ಗಣಿಯಲ್ಲಿ, ನ್ಯೂಟ್ರಿನೋ (ಫ್ಯೂಷನ್‌ನಲ್ಲೂ ಹುಟ್ಟುವ, ಹಿಡಿಯಲು ಕಷ್ಟವಾದ ಪುಟ್ಟ ಕಣ) ಹಿಡಿದು.

ಮೈಸೂರು_ಮೇಡಂ
ಕೆಜಿಎಫ್‌ನಲ್ಲಿ 1965ರಲ್ಲಿ ಸಿಕ್ಕಿದ್ದು ವಾತಾವರಣದ ನ್ಯೂಟ್ರಿನೋ. ಕಾಸ್ಮಿಕ್ ಕಿರಣ ಗಾಳಿಗೆ ಬಡಿದು ಹುಟ್ಟುವಂಥದ್ದು. ಅಂಥವು ಜಗತ್ತಿನಲ್ಲೇ ಮೊದಲು ಸಿಕ್ಕ ಜಾಗಗಳಲ್ಲಿ ಕೋಲಾರ ಇದೆ, ಅದೇನು ಕಮ್ಮಿ ಹೆಮ್ಮೆ ಅಲ್ಲ. ಸೂರ್ಯನ ನ್ಯೂಟ್ರಿನೋ ಹಿಡಿದದ್ದು ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ, ರೇಮಂಡ್ ಡೇವಿಸ್. ಅದೂ ಚಿನ್ನದ ಗಣಿಯೇ.

ಕೋಲಾರದ_ಚಿನ್ನ
ಚಿನ್ನದ ಗಣಿ ಇಲ್ಲದೆ ಫಿಸಿಕ್ಸ್ ಇಲ್ಲ ಅಂತಾಯಿತು. ಸಾಕು ನನಗೆ.

ಹಾಸನದ_ಹೈದ
ಎಲ್ಲ ಸರಿ, ಫ್ಯೂಷನ್ ಕರೆಂಟ್ ಯಾವಾಗ ಬರುತ್ತೆ? 2022ರಲ್ಲೇ "ಫ್ಯೂಷನ್ ಗೆದ್ದಿತು" ಅಂತ ಟಿವಿಯಲ್ಲಿ ಬಂದಿತ್ತು. ನಮ್ಮೂರಲ್ಲಿ ಈಗಲೂ ತ್ರೀ ಫೇಸ್ ರಾತ್ರಿ ಹನ್ನೆರಡಕ್ಕೇ ಬರೋದು.

ಸಂಶಯ_ಪಿಶಾಚಿ
ಆ ಸುದ್ದಿ ಬಿಡಿಸಿ ನೋಡಿ. 2022ರ ಡಿಸೆಂಬರ್ 5, ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯ. 192 ಲೇಸರ್ ಸೇರಿ ಕಾಳಿನಷ್ಟು ಇಂಧನಕ್ಕೆ 2.05 ಮೆಗಾಜೂಲ್ ಕೊಟ್ಟವು. ವಾಪಸ್ ಬಂದಿದ್ದು 3.15. ಗೆದ್ದರು ಅಂದರು. ಆ ಲೇಸರ್ ಹೊಡೆಯಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. 300 ಕೊಟ್ಟು 3 ತಂದರೆ ನಮ್ಮ ಕಡೆ ಅದಕ್ಕೆ ಗೆಲುವು ಅನ್ನಲ್ಲ.

ಗಾಂಧಿನಗರದ_ಕನ್ನಡಿಗ
ಅಷ್ಟು ಹಗುರ ಮಾಡಬೇಡಿ. ಆ ಲೇಸರ್ ಹಳೇ ಕಾಲದ್ದು, ಕರೆಂಟ್ ಉಳಿಸುವುದಕ್ಕೆ ಕಟ್ಟಿದ್ದೇ ಅಲ್ಲ. ಇಂಧನ ತನ್ನ ಶಾಖದಲ್ಲೇ ಉರಿಯುತ್ತಾ ಅನ್ನುವ ಪ್ರಶ್ನೆಗೆ ಉತ್ತರ ಬೇಕಿತ್ತು, ಸಿಕ್ಕಿತು. ಆಮೇಲಿನ ಪ್ರಯೋಗಗಳಲ್ಲಿ 3.15ಕ್ಕಿಂತ ಜಾಸ್ತಿಯೂ ಬಂದಿದೆ. ಇಂಗ್ಲೆಂಡಿನ ಜೆಟ್ ಯಂತ್ರ 2023ರಲ್ಲಿ ಮುಚ್ಚುವ ಮುಂಚೆ ಒಂದೇ ಸಲಕ್ಕೆ 69 ಮೆಗಾಜೂಲ್ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ವೆಸ್ಟ್ ಟೊಕಾಮಾಕ್ ಪ್ಲಾಸ್ಮಾವನ್ನ 22 ನಿಮಿಷ ಹಿಡಿದಿಟ್ಟಿತು.

ಈಟರ್ ತಡವಾಗಿದೆ, ಮುಚ್ಚಿಡುವುದೇನಿಲ್ಲ. ಮೊದಲು 2025 ಅಂದಿದ್ದರು. 2024ರಲ್ಲಿ ಹೊಸ ವೇಳಾಪಟ್ಟಿ ಬಂತು: ಪ್ರಯೋಗ ಶುರು 2034ರಲ್ಲಿ, ಡ್ಯುಟೀರಿಯಂ-ಟ್ರಿಟಿಯಂ 2039ರಲ್ಲಿ. ಗುರಿ 50 ಮೆಗಾವ್ಯಾಟ್ ಬಿಸಿ ಕೊಟ್ಟು 500 ಪಡೆಯುವುದು. ಅದರಿಂದ ಕರೆಂಟ್ ತೆಗೆಯುವ ಯೋಜನೆಯೇ ಇಲ್ಲ, ಅದು ಪ್ರಯೋಗದ ಯಂತ್ರ. ಭಾರತ ಅದರಲ್ಲಿ ಪಾಲುದಾರ. ಇಡೀ ಯಂತ್ರವನ್ನ ಒಳಗಿಡುವ 3,800 ಟನ್ನಿನ ಉಕ್ಕಿನ ಕ್ರಯೋಸ್ಟಾಟ್ ನಮ್ಮ ಕೊಡುಗೆ. ಅದರ ಭಾಗಗಳನ್ನ ಇಲ್ಲಿನ ಹಜೀರಾದಲ್ಲಿ ಮಾಡಿ ಹಡಗಲ್ಲಿ ಕಳಿಸಿದ್ದು.

ಮೈಸೂರು_ಮೇಡಂ
"ಇನ್ನು ಇಪ್ಪತ್ತು ವರ್ಷದಲ್ಲಿ" ಅನ್ನುವ ಮಾತು ನಮ್ಮವರೇ ಶುರು ಮಾಡಿದ್ದು ಅನ್ನಬಹುದು. 1955ರ ಜಿನೀವಾ ಪರಮಾಣು ಸಮ್ಮೇಳನದ ಅಧ್ಯಕ್ಷರು ಹೋಮಿ ಭಾಭಾ. ಎರಡು ದಶಕದಲ್ಲಿ ಫ್ಯೂಷನ್ ಶಕ್ತಿಯನ್ನ ಹಿಡಿತದಲ್ಲಿಟ್ಟು ಪಡೆಯುವ ದಾರಿ ಸಿಗುತ್ತೆ ಅಂತ ಅಲ್ಲಿ ಭವಿಷ್ಯ ಹೇಳಿದರು. ಅಂದರೆ 1975! ಭಾಭಾ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಾಸ್ಮಿಕ್ ಕಿರಣದ ಮೇಲೆ ಕೆಲಸ ಮಾಡಿದವರು. 1939ರಲ್ಲಿ ರಜೆಗೆ ಬಂದಿದ್ದರು, ಯುದ್ಧ ಶುರುವಾಗಿ ವಾಪಸ್ ಹೋಗಲಾಗಲಿಲ್ಲ.

ಹಾಸನದ_ಹೈದ
ಅಂದರೆ ನಮ್ಮ ತಾತನಿಗೂ ಇಪ್ಪತ್ತು ವರ್ಷ ಅಂದಿದ್ದರು, ನನಗೂ ಇಪ್ಪತ್ತು ವರ್ಷ. ವಂಶಪಾರಂಪರ್ಯ.

ಹುಬ್ಳಿ_ಮಂದಿ
ಒಂದು ಅನುಮಾನ. ಫ್ಯೂಷನ್ ಬಾಂಬ್ 1952ರಲ್ಲೇ ಸಿಡಿಸಿದ್ದಾರೆ. ಬಾಂಬ್ ಆದದ್ದು ಸ್ಥಾವರ ಯಾಕೆ ಆಗಲ್ಲ?

ಕಬ್ಬಿಣದ_ಕಡಲೆ
ಹೈಡ್ರೋಜನ್ ಬಾಂಬಿಗೆ ಬೆಂಕಿಕಡ್ಡಿ ಅಂದರೆ ಇನ್ನೊಂದು ಫಿಷನ್ ಬಾಂಬ್. ಅದು ಸಿಡಿದಾಗ ಬರುವ ಬಿಸಿ, ಒತ್ತಡದಲ್ಲಿ ಫ್ಯೂಷನ್ ಹತ್ತಿಕೊಳ್ಳುತ್ತೆ. ಸ್ಥಾವರದ ಒಳಗೆ ಸೆಕೆಂಡಿಗೊಂದು ಬಾಂಬ್ ಹಚ್ಚಕ್ಕಾಗುತ್ತಾ?

ಇನ್ನೊಂದು ವಿಚಿತ್ರ. 1952ರ ಆ 'ಐವಿ ಮೈಕ್' ಸ್ಫೋಟ 10.4 ಮೆಗಾಟನ್. ಅದರಲ್ಲಿ ಮುಕ್ಕಾಲು ಪಾಲು ಬಂದಿದ್ದು ಫಿಷನ್‌ನಿಂದಲೇ. ಫ್ಯೂಷನ್‌ನಿಂದ ಹೊರಟ ಜೋರು ನ್ಯೂಟ್ರಾನ್ ಸುತ್ತ ಕವಚ ಹಾಕಿದ್ದ ಯುರೇನಿಯಂ-238ನ್ನೂ ಒಡೆದುಹಾಕಿದವು. ಪಾಠದಲ್ಲಿ "ಪರಮಾಣು ಬಾಂಬ್ ವಿದಳನ, ಹೈಡ್ರೋಜನ್ ಬಾಂಬ್ ಸಮ್ಮಿಲನ" ಅಂತ ಎರಡು ಕಾಲಂ ಮಾಡ್ತಾರೆ. ನಿಜದಲ್ಲಿ ಎರಡನೇದರಲ್ಲಿ ಎರಡೂ ಇವೆ.

ಕೋಲಾರದ_ಚಿನ್ನ
ಪೋಖ್ರಾನ್‌ನಲ್ಲಿ ನಾವು ಸಿಡಿಸಿದ್ದು ಯಾವುದು?

ಮೈಸೂರು_ಮೇಡಂ
1974ರ ಮೇ 18ರದು ಬರೀ ಫಿಷನ್. ಆ ತಂಡದ ನಾಯಕರಲ್ಲಿ ಒಬ್ಬರು ರಾಜಾ ರಾಮಣ್ಣ, ನಮ್ಮ ಟ್ಯೂಷನ್ ಸಾರ್ ಜಿಲ್ಲೆಯವರು. 1998ರ ಐದರಲ್ಲಿ ಒಂದು ಥರ್ಮೋನ್ಯೂಕ್ಲಿಯರ್, ಅಂದರೆ ಹೈಡ್ರೋಜನ್ ಬಾಂಬ್, ಅಂತ ಸರ್ಕಾರ ಹೇಳಿತು, 45 ಕಿಲೋಟನ್.

ಸಂಶಯ_ಪಿಶಾಚಿ
2009ರಲ್ಲಿ ಕೆ. ಸಂತಾನಂ, 1998ರ ತಂಡದಲ್ಲೇ ಇದ್ದವರು, ಅದು ಅಂದುಕೊಂಡಷ್ಟು ಸಿಡಿಯಲಿಲ್ಲ ಅಂದರು.

ಕೋಲಾರದ_ಚಿನ್ನ
ಪರಮಾಣು ಇಲಾಖೆಯವರು ಅದನ್ನ ಒಪ್ಪಲಿಲ್ಲ. ಅದನ್ನೂ ಬರೀರಿ.

ನಿರ್ವಾಹಕ
ಪೋಖ್ರಾನ್ ಇಲ್ಲಿಗೆ ಸಾಕು. ಮುಂದುವರಿದರೆ ಎಳೆ ಮುಚ್ಚುತ್ತೇನೆ.

ಮಲ್ನಾಡ್_ಅಡಿಕೆ
ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಫ್ಯೂಷನ್ ಇಂಧನ ಸಮುದ್ರದಲ್ಲಿ ಬೇಕಾದಷ್ಟಿದೆ ಅಂತಾರೆ. ನಿಜವಾ?

ಗಾಂಧಿನಗರದ_ಕನ್ನಡಿಗ
ಅರ್ಧ ನಿಜ. ಡ್ಯುಟೀರಿಯಂ ಸಮುದ್ರದಲ್ಲಿ ಇದೆ, ಸುಮಾರು 6,400 ಹೈಡ್ರೋಜನ್‌ಗೆ ಒಂದು. ಕೊರತೆ ಇಲ್ಲ. ಟ್ರಿಟಿಯಂ ಅಭಾವ. ಅದರ ಅರ್ಧಾಯು 12.3 ವರ್ಷ, ಗಣಿಯಲ್ಲಿ ಸಿಗಲ್ಲ, ಕೂಡಿಟ್ಟರೂ ಕರಗುತ್ತೆ. 1000 ಮೆಗಾವ್ಯಾಟ್ ಫ್ಯೂಷನ್ ಶಕ್ತಿ ಒಂದು ವರ್ಷ ಓಡಲು ಸುಮಾರು 56 ಕಿಲೋ ಬೇಕು. ಇಡೀ ಜಗತ್ತಿನ ನಾಗರಿಕ ದಾಸ್ತಾನು ಅಷ್ಟೂ ಇಲ್ಲ.

ಈಗ ಕೊಳ್ಳಲು ಸಿಗುವ ಟ್ರಿಟಿಯಂ ಹೆಚ್ಚಿನದು ಎಲ್ಲಿಂದ ಬರುತ್ತೆ ಗೊತ್ತಾ? ಕೆನಡಾದ ಭಾರಜಲ ರಿಯಾಕ್ಟರ್‌ಗಳಿಂದ. ಭಾರಜಲದ ಡ್ಯುಟೀರಿಯಂ ಒಂದು ನ್ಯೂಟ್ರಾನ್ ನುಂಗಿದರೆ ಟ್ರಿಟಿಯಂ. ನೀವು 2009ರ ಕೂಲರ್ ಕಥೆ ಹೇಳಿದಿರಲ್ಲ, ಅಲ್ಲಿ ಬೆರೆತದ್ದು ಅದೇ ವಸ್ತು. ಫಿಷನ್ ಮುಚ್ಚಿ ಫ್ಯೂಷನ್ ತರೋಣ ಅನ್ನುವವರು ಮೊದಲ ಕಂತು ಇಂಧನವನ್ನ ಫಿಷನ್ ಹತ್ತಿರವೇ ಸಾಲ ಕೇಳಬೇಕು. ಆಮೇಲೆ ಯಂತ್ರದ ಗೋಡೆಯಲ್ಲಿ ಲಿಥಿಯಂ ಇಟ್ಟು, ಹೊರಗೆ ಬರುವ ನ್ಯೂಟ್ರಾನ್‌ನಿಂದ ತಾನೇ ಟ್ರಿಟಿಯಂ ಮಾಡಿಕೊಳ್ಳುವ ಯೋಜನೆ ಇದೆ. ಪೂರ್ತಿ ಸ್ಥಾವರದ ಮಟ್ಟದಲ್ಲಿ ಇದನ್ನ ಇನ್ನೂ ಯಾರೂ ಮಾಡಿ ತೋರಿಸಿಲ್ಲ. ಬಿಸಿಗಿಂತ ನನಗೆ ಇದೇ ದೊಡ್ಡ ಚಿಂತೆ.

ಸೌರ_ಶೆಟ್ಟಿ
ಇಷ್ಟೆಲ್ಲ ಯಾಕೆ ಒದ್ದಾಟ? ಫ್ಯೂಷನ್ ರಿಯಾಕ್ಟರ್ ಮೇಲೆ ಉರೀತಾನೇ ಇದೆ, ತಂತಿ ಎಳೆದರೆ ಸಾಕು. ಪಾವಗಡದಲ್ಲಿ 2050 ಮೆಗಾವ್ಯಾಟ್ ಇದೆ. ಕೈಗಾದ ನಾಲ್ಕೂ ಘಟಕ ಸೇರಿದರೆ 880. ಲೆಕ್ಕ ನೀವೇ ಹಾಕಿ. (ನಾನು ಪ್ಯಾನಲ್ ವ್ಯಾಪಾರದವನು, ಮೊದಲೇ ಹೇಳಿದೆ.)

ಕಾಳಿ_ತೀರ
ಶೆಟ್ರೇ, ಪಾವಗಡದ್ದು ಬಿಸಿಲಿದ್ದಾಗಿನ ಅಂಕಿ. ಕೈಗಾದ್ದು ಹಗಲೂ ರಾತ್ರಿ. ವರ್ಷಪೂರ್ತಿ ಯೂನಿಟ್ ಲೆಕ್ಕ ಹಾಕಿದರೆ 880 ಮುಂದೆ ಹೋಗುತ್ತೆ. ಸೋಲಾರ್ ತನ್ನ ಸಾಮರ್ಥ್ಯದ ಕಾಲುಭಾಗ ಕೊಟ್ಟರೆ ಹೆಚ್ಚು.

ಸೌರ_ಶೆಟ್ಟಿ
ಕೈಗಾದಲ್ಲಿ 700 ಮೆಗಾವ್ಯಾಟಿನ ಎರಡು ಹೊಸ ಘಟಕ ಯಾವಾಗ ಮುಗಿಯುತ್ತೆ ಹೇಳಿ. ಅಷ್ಟರಲ್ಲಿ ನಾನು ಎಷ್ಟು ಚಾವಣಿ ಮುಚ್ಚಿರ್ತೀನಿ ನೋಡಿ.

ಹುಬ್ಳಿ_ಮಂದಿ
ಸಂಜೆ ಏಳಕ್ಕ ಎಲ್ಲರ ಮನ್ಯಾಗೂ ಲೈಟ್ ಹತ್ತುತ್ತ. ಆಗ ನಿಮ್ಮ ಚಾವಣಿ ಏನು ಮಾಡತೈತ್ರಿ?

ಸೌರ_ಶೆಟ್ಟಿ
ಹಗಲು ನೀರು ಮೇಲೆ ಎತ್ತಿಟ್ಟು ಸಂಜೆ ಬಿಡೋದು. ಶರಾವತಿಯಲ್ಲಿ ಪಂಪ್ಡ್ ಸ್ಟೋರೇಜ್ ಮಾಡೋಕೆ ಹೊರಟಿದ್ದಾರಲ್ಲ, 2000 ಮೆಗಾವ್ಯಾಟ್.

ಮಲ್ನಾಡ್_ಅಡಿಕೆ
ಸಿಂಗಳೀಕದ ಅಭಯಾರಣ್ಯದ ಒಳಗೆ! ಮುಳುಗಡೆ ಅಂದರೆ ಏನು ಅಂತ ನಮ್ಮ ಮನೆಯವರನ್ನ ಕೇಳಿ ಶೆಟ್ರೇ. ಲಿಂಗನಮಕ್ಕಿಯಿಂದ ಶುರು ಮಾಡ್ತಾರೆ, ರಾತ್ರಿ ಊಟದವರೆಗೂ ಮುಗಿಯಲ್ಲ.

ನಿರ್ವಾಹಕ
ಶರಾವತಿಗೆ ಬೇರೆ ಎಳೆ ಇದೆ, ಈಗಾಗಲೇ ಕಾದಾಟ ನಡೀತಿದೆ. ದಯವಿಟ್ಟು ಅಲ್ಲಿಗೆ ಹೋಗಿ.

ಸೌರ_ಶೆಟ್ಟಿ
ಹೋಗ್ತೀನಿ. ಅಡಿಕೆಯವರೇ, ಅಲ್ಲಿಗೇ ಬನ್ನಿ.

ಮಲ್ನಾಡ್_ಅಡಿಕೆ
ನಾನು ಅಲ್ಲೇ ಇದ್ದೀನಿ. ಮೂರನೇ ಪುಟ ನೋಡಿ.